ಮಿಲ್ಫರ್ಡ್ ಸೌಂಡ್‌ನಲ್ಲಿ ಮಳೆ ಎಷ್ಟು ಇಂಚು?

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ದೋಣಿಯ ಮೇಲೆ ನಾನು ಮಾತಾಡಿದ್ದು ಈ ವಿಡಿಯೋದಲ್ಲಿ ಒಂದಕ್ಷರವೂ ಕೇಳಿಸುವುದಿಲ್ಲ. ಮೈಕ್ ಒಳಗೆ ನೀರು ಹೋಗಿತ್ತು. ಬಾಯಿ ಆಡುತ್ತಿದೆ, ಕೈ ಆಡುತ್ತಿದೆ, ಸದ್ದು ಮಾತ್ರ ಗೊರ್ ಅಂತ. ಅದಕ್ಕೇ ಈಗ ಬೆಂಗಳೂರಿನ ಮನೆಯಲ್ಲಿ ಫ್ಯಾನ್ ಆಫ್ ಮಾಡಿ, ಬೆವರುತ್ತಾ ಕೂತು ಧ್ವನಿ ಕೊಡುತ್ತಿದ್ದೇನೆ. ನಡುವೆ ಕುಕ್ಕರ್ ಸೀಟಿ ಕೇಳಿಸಿದರೆ ಅದು ಪಕ್ಕದ ಮನೆಯದು.

ನೀವು ನೋಡುತ್ತಿರುವುದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನೈಋತ್ಯ ಮೂಲೆ. ಮಿಲ್ಫರ್ಡ್ ಸೌಂಡ್. ಅಲ್ಲಿನ ಮೂಲನಿವಾಸಿಗಳಾದ ಮಾವೋರಿಗಳು ಕರೆಯುವ ಹೆಸರು ಪಿಯೊಪಿಯೊಟಾಹಿ. ಪಿಯೊಪಿಯೊ ಅಂದರೆ ಒಂದು ಹಾಡುಹಕ್ಕಿ, ಈಗ ಅಳಿದುಹೋಗಿದೆ. ಟಾಹಿ ಅಂದರೆ ಒಂದು. ಒಂಟಿ ಪಿಯೊಪಿಯೊ. ಮಾವೋರಿ ಕಥೆಯಲ್ಲಿ ಮಾವಿ ಎಂಬ ವೀರ ಮನುಷ್ಯರಿಗೆ ಸಾವೇ ಇಲ್ಲದ ಹಾಗೆ ಮಾಡಲು ಹೋಗಿ ತಾನೇ ಸತ್ತ, ಆ ದುಃಖಕ್ಕೆ ಒಂದು ಹಕ್ಕಿ ಒಂಟಿಯಾಗಿ ಇಲ್ಲಿಗೆ ಹಾರಿಬಂತು ಅನ್ನುತ್ತಾರೆ. ಈ ಮೋಡ, ಈ ಮೌನ ನೋಡಿದರೆ ಹೆಸರು ಸರಿಯಾಗೇ ಇದೆ ಅನ್ನಿಸುತ್ತದೆ.

ಸೌಂಡ್ ಅನ್ನುವ ಇಂಗ್ಲಿಷ್ ಹೆಸರು ಮಾತ್ರ ತಪ್ಪು. ನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿದರೆ ಅದು ಸೌಂಡ್. ಹಿಮನದಿ ಕೊರೆದ ಕಣಿವೆಯಾದರೆ ಫ್ಯೋರ್ಡ್. ಇದು ಪಕ್ಕಾ ಫ್ಯೋರ್ಡ್. ಮಂಜುಗಡ್ಡೆ ಅನ್ನುವುದು ನೀರಿನ ಹಾಗೆ ದಾರಿ ಹುಡುಕಿಕೊಂಡು ಹೋಗುವುದಿಲ್ಲ, ಎದುರಿಗೆ ಸಿಕ್ಕ ಬಂಡೆಯನ್ನೆಲ್ಲ ಕೆರೆದುಕೊಂಡೇ ಹೋಗುತ್ತದೆ, ಹಾಗಾಗಿ ಅದು ಬಿಟ್ಟುಹೋದ ಕಣಿವೆ ನಮ್ಮ ಅಜ್ಜಿಮನೆಯ ಮರದ ಮರಿಗೆಯ ಹಾಗೆ, ಅಡಿ ಅಗಲ, ಎರಡೂ ಪಕ್ಕ ನೆಟ್ಟಗೆ ಗೋಡೆ. 19ನೇ ಶತಮಾನದ ಆರಂಭದಲ್ಲಿ ಸೀಲ್ ಬೇಟೆಗೆ ಬಂದ ಜಾನ್ ಗ್ರೋನೊ ಎಂಬ ವೇಲ್ಸ್‌ನವನು ತನ್ನೂರ ಕಡೆಯ ಮಿಲ್ಫರ್ಡ್ ಹೇವನ್ ನೆನಪಿಗೆ ಹೆಸರಿಟ್ಟ. ಆಮೇಲೆ ಬಂದವರು ಹೇವನ್ ತೆಗೆದು ಸೌಂಡ್ ಮಾಡಿದರು. ಅದೇ ಉಳಿಯಿತು.

ಸರಿ, ಹಿಂದಿನ ದಿನಕ್ಕೆ ಹೋಗೋಣ.

ಟೆ ಅನಾವ್ ಎಂಬ ಊರು. ತಂಗಿ ಆ ದೇಶದಲ್ಲೇ ಕೆಲಸ ಮಾಡುತ್ತಾಳೆ, ರಜಾ ಹಾಕಿ ಕಾರು ತಂದಿದ್ದಳು. ಡಿಸೆಂಬರ್ ಕೊನೆ, ಅಲ್ಲಿಗೆ ಬೇಸಿಗೆ. ಮೊಬೈಲಲ್ಲಿ ಹವಾಮಾನ ನೋಡಿದರೆ ನಾಳೆ ಇಡೀ ದಿನ ಮಳೆ, ಅದೂ ಜೋರು ಮಳೆ. ನನಗೆ ಅಳು ಬರುವುದೊಂದು ಬಾಕಿ. ಇಷ್ಟು ದುಡ್ಡು ಹಾಕಿ, ಎರಡು ವಿಮಾನ ಬದಲಿಸಿ ಬಂದಿದ್ದೇನೆ. ಪೋಸ್ಟ್‌ಕಾರ್ಡಿನಲ್ಲಿ ಇರುವ ಹಾಗೆ ನೀಲಿ ಆಕಾಶ, ಕನ್ನಡಿಯಂಥ ನೀರು, ಅದರಲ್ಲಿ ಶಿಖರದ ನೆರಳು ಬೇಕಿತ್ತು ನನಗೆ.

ಊರಿಗೆ ಫೋನ್ ಮಾಡಿದೆ. ಟೆ ಅನಾವ್‌ನಲ್ಲಿ ರಾತ್ರಿ ಎಂಟು, ಕೊಪ್ಪದ ಹತ್ತಿರ ನಮ್ಮೂರಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಅಪ್ಪ ಆಗಷ್ಟೇ ಊಟಕ್ಕೆ ಕೂತಿದ್ದರು. ನಮ್ಮ ಅಪ್ಪನ ವಿಷಯ ಸ್ವಲ್ಪ ಹೇಳಬೇಕು. ಮನೆಯ ಅಂಗಳದಲ್ಲಿ ಮಳೆ ಮಾಪಕ ಇಟ್ಟುಕೊಂಡಿರುವ ಕಾಫಿ ತೋಟದವರನ್ನು ನೀವು ನೋಡಿರಬಹುದು. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಕಾಫಿಗೂ ಮೊದಲು ಹೋಗಿ ಅಳೆಯುವುದು, ಡೈರಿಯಲ್ಲಿ ಬರೆಯುವುದು, ಆಮೇಲೆ ಪಕ್ಕದ ತೋಟದವರಿಗೆ ಫೋನ್ ಮಾಡಿ ನಿಮಗೆಷ್ಟು ನಮಗಿಷ್ಟು ಅಂತ ಜಗಳ ಆಡುವುದು. ಎಲ್ಲ ಇಂಚಿನ ಲೆಕ್ಕ. ಮಿಲಿಮೀಟರ್ ಅಂದರೆ ಅವರಿಗೆ ಮಳೆಯೇ ಅಲ್ಲ.

ನಾಳೆ ಮಳೆಯಂತೆ ಅಂದೆ. ಅಪ್ಪ ಕೇಳಿದ್ದು ಒಂದೇ ಮಾತು, "ಅಲ್ಲಿ ವರ್ಷಕ್ಕೆ ಎಷ್ಟು ಇಂಚು?"

ಹುಡುಕಿ ಹೇಳಿದೆ. ವರ್ಷಕ್ಕೆ 6,000 ಮಿಲಿಮೀಟರಿಗಿಂತ ಜಾಸ್ತಿ. ಅಪ್ಪನ ಲೆಕ್ಕದಲ್ಲಿ 250 ಇಂಚು ದಾಟುತ್ತದೆ. ಭೂಮಿಯ ಮೇಲೆ ಜನ ಇರುವ ಅತಿ ಒದ್ದೆ ಜಾಗಗಳಲ್ಲಿ ಒಂದು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಆಗುಂಬೆ 300ರ ಹತ್ತಿರ ಬರುತ್ತೆ," ಅಂದರು. ಗೆದ್ದ ಧ್ವನಿ. ಒಂದು ವ್ಯತ್ಯಾಸ ನಾನು ಹೇಳಲಿಲ್ಲ. ಆಗುಂಬೆಯದು ಬಹುಪಾಲು ನಾಲ್ಕು ತಿಂಗಳ ಅಬ್ಬರ. ಇಲ್ಲಿ ಹಾಗಲ್ಲ, ವರ್ಷದ ಅರ್ಧದಷ್ಟು ದಿನ ಮಳೆ, ಇಂಥ ತಿಂಗಳು ಅಂತ ಇಲ್ಲ. ಟಾಸ್ಮನ್ ಸಮುದ್ರದಿಂದ ಬರುವ ಪಡುವಣ ಗಾಳಿ ಈ ಬೆಟ್ಟಗಳಿಗೆ ಡಿಕ್ಕಿ ಹೊಡೆದು ಮೇಲೇರಿ, ಅಲ್ಲೇ ಎಲ್ಲ ಸುರಿದುಬಿಡುತ್ತದೆ. ಅರಬ್ಬಿ ಸಮುದ್ರ, ನಮ್ಮ ಘಟ್ಟ, ಅದೇ ಕಥೆ.

ಈಗ ರಸ್ತೆ. ಟೆ ಅನಾವ್‌ನಿಂದ ಮಿಲ್ಫರ್ಡ್‌ಗೆ ಸುಮಾರು 120 ಕಿಲೋಮೀಟರ್. ಎರಡು ಗಂಟೆ ಅನ್ನುತ್ತಾರೆ, ನಿಲ್ಲಿಸಿ ನಿಲ್ಲಿಸಿ ಹೋದರೆ ಮೂರು. ಫೋನಿಗೆ ಸಿಗ್ನಲ್ ಹೆಚ್ಚು ಕಡಿಮೆ ಇಡೀ ದಾರಿ ಇಲ್ಲ. ಮೊದಲೇ ಪೆಟ್ರೋಲ್ ತುಂಬಿಸಿಕೊಳ್ಳಿ, ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಬೀಚ್ ಅನ್ನುವ ಜಾತಿಯ ಮರಗಳ ಕಾಡು, ಕಾಂಡದ ತುಂಬಾ ಹಾವಸೆ. ಕಿಟಕಿ ಇಳಿಸಿದರೆ ಒದ್ದೆ ಮಣ್ಣಿನ ವಾಸನೆ. ತಂಗಿ, "ಇದಕ್ಕೆ ಇಷ್ಟು ದೂರ ಬರಬೇಕಿತ್ತಾ, ಶೃಂಗೇರಿ ರಸ್ತೇಲೇ ಇತ್ತಲ್ಲ," ಅಂದಳು.

ಇದು ಹೋಮರ್ ಸುರಂಗ. 1.2 ಕಿಲೋಮೀಟರ್ ಉದ್ದ. 1935ರಲ್ಲಿ, ಆರ್ಥಿಕ ಕುಸಿತದ ಕಾಲದಲ್ಲಿ, ಕೆಲಸವಿಲ್ಲದವರಿಗೆ ಕೆಲಸ ಕೊಡಲು ಶುರುಮಾಡಿದ್ದು. ಮೊದಲು ಹಾರೆ, ಗುದ್ದಲಿ, ತಳ್ಳುಗಾಡಿ. ವಾಹನ ಓಡಿದ್ದು 1954ರಲ್ಲಿ. ಒಳಗೆ ನೋಡಿ, ಗಿಲಾವು ಇಲ್ಲ, ಬರೀ ಕೊರೆದ ಬಂಡೆ, ಮೇಲಿಂದ ನೀರು ತೊಟ್ಟಿಕ್ಕುತ್ತಿದೆ, ರಸ್ತೆ ಸೀದಾ ಕೆಳಕ್ಕೆ ಜಾರುತ್ತದೆ. ಬೇಸಿಗೆಯಲ್ಲಿ ಸಿಗ್ನಲ್ ಹಾಕಿ ಒಂದು ಸಲಕ್ಕೆ ಒಂದೇ ಕಡೆಯವರನ್ನು ಬಿಡುತ್ತಾರೆ. ಹಾಗೆ ಕಾಯುವಾಗ ಬಂದ ಅತಿಥಿ ಇವನು. ಕೆಯಾ. ಹಸಿರು ಬೆಟ್ಟದ ಗಿಳಿ, ಕೋಳಿಯ ಗಾತ್ರ. ನಮ್ಮ ಕಾರಿನ ಬಾಗಿಲಿನ ರಬ್ಬರ್ ಕೀಳಲು ಹೊರಟಿದ್ದಾನೆ. ಬಾಡಿಗೆ ಕಾರಿನವರಿಗೆ ಇವನು ಶತ್ರು. ತಿಂಡಿ ಕೊಡಬೇಡಿ ಅಂತ ಎಲ್ಲ ಕಡೆ ಬೋರ್ಡ್ ಇದೆ, ನಾವು ಕೊಡಲಿಲ್ಲ, ಅವನು ಕೇಳಿಕೊಂಡು ಬರಲೂ ಇಲ್ಲ, ಸುಮ್ನೆ ಕಿತ್ತುಕೊಂಡ.

ಸುರಂಗ ದಾಟಿ ಆಚೆ ಬಿದ್ದೆವು. ಇಲ್ಲಿ ನಾನು ವಿಡಿಯೋ ಕಟ್ ಮಾಡಿಲ್ಲ. ಇದನ್ನು ಹಾಗೇ ನೋಡಿ.

ಎದುರಿನ ಗೋಡೆಯ ತುಂಬಾ ಅಬ್ಬಿಗಳು. ಎಣಿಸಲು ಹೋದೆ, ನಲವತ್ತರ ನಂತರ ಬಿಟ್ಟೆ. ಇವಕ್ಕೆಲ್ಲ ಹೆಸರಿಲ್ಲ. ಮಳೆ ಬಂದಾಗ ಹುಟ್ಟುತ್ತವೆ, ನಿಂತ ಕೆಲವೇ ಗಂಟೆಗಳಲ್ಲಿ ಮಾಯ. ನಮ್ಮ ಘಟ್ಟದಲ್ಲಿ ಮಣ್ಣು ನೀರು ಕುಡಿಯುತ್ತದೆ, ತಿಂಗಳುಗಟ್ಟಲೆ ಒಸರುತ್ತಾ ಇರುತ್ತದೆ. ಇಲ್ಲಿ ಮಣ್ಣೇ ಇಲ್ಲ. ಬೋಳು ಬಂಡೆ, ಬಿದ್ದದ್ದೆಲ್ಲ ಹಾಗೇ ಕೆಳಗೆ. ಬಿಸಿಲಿನ ದಿನ ಬಂದವರಿಗೆ ಇಡೀ ಫ್ಯೋರ್ಡ್‌ನಲ್ಲಿ ಸಿಗುವ ಖಾಯಂ ಜಲಪಾತ ಎರಡೇ ಎರಡು. ಹಿಂದಿನ ರಾತ್ರಿ ಹವಾಮಾನಕ್ಕೆ ಬೈದಿದ್ದು ನೆನಪಾಗಿ ನಾಚಿಕೆ ಆಯಿತು. ಮಲೆನಾಡಿನಲ್ಲಿ ಹುಟ್ಟಿದ ನಾನು, ಜೋಗಕ್ಕೆ ಬೇಸಿಗೆಯಲ್ಲಿ ಹೋಗಿ ಬಂಡೆ ನೋಡಿ ಬರುವ ಟೂರಿಸ್ಟರನ್ನು ಆಡಿಕೊಳ್ಳುವ ನಾನು, ಇಲ್ಲಿಗೆ ಬಂದು ಬಿಸಿಲು ಬೇಕು ಅಂದಿದ್ದೆ.

ದೋಣಿ ಇದು. ಪಕ್ಕದಲ್ಲಿರುವ ಮೂರಂತಸ್ತಿನ ಹಡಗಿನ ಮುಂದೆ ಆಟಿಕೆಯ ಹಾಗೆ ಕಾಣುತ್ತದೆ. ನಾವು ಬೇಕೆಂದೇ ಚಿಕ್ಕದನ್ನು ಆರಿಸಿದ್ದು. ಇಪ್ಪತ್ತು ಚಿಲ್ಲರೆ ಜನ, ಗೋಡೆಯ ಬುಡಕ್ಕೇ ಹೋಗುತ್ತದೆ, ತಲೆ ಎತ್ತಿದರೆ ಬಂಡೆ ಮೈಮೇಲೆ ಬಂದ ಹಾಗೆ. ಅಲೆ ಬಂದಾಗ ಹೊಟ್ಟೆ ತೊಳಸುತ್ತದೆ, ಅದನ್ನೂ ಹೇಳಬೇಕಲ್ವಾ. ತಂಗಿ ಶುಂಠಿ ಪೆಪ್ಪರ್‌ಮೆಂಟ್ ಚೀಪುತ್ತಾ ಕೂತಿದ್ದಾಳೆ ನೋಡಿ, ಮಾತೇ ಇಲ್ಲ. ಅದೊಂದು ದಾಖಲೆ.

ಬಂದರಿನ ಪಕ್ಕದಲ್ಲೇ ಬೋವೆನ್ ಜಲಪಾತ, 162 ಮೀಟರ್. ಇಲ್ಲಿರುವ ಪುಟ್ಟ ವಸತಿಗೆ ಕರೆಂಟೂ ಇದರಿಂದಲೇ, ಕುಡಿಯುವ ನೀರೂ ಇದರಿಂದಲೇ.

ಎಡಗಡೆ ಮೈಟರ್ ಪೀಕ್. ಬಿಷಪ್ಪರ ಟೋಪಿಯ ಆಕಾರ ಅಂತ ಆ ಹೆಸರು. ನೀವು ನೋಡಿದ ಪ್ರತಿಯೊಂದು ಮಿಲ್ಫರ್ಡ್ ಫೋಟೋದಲ್ಲೂ ಇರುವುದು ಇದೇ. ನನ್ನ ವಿಡಿಯೋದಲ್ಲಿ ಇದರ ಪಾದ ಮಾತ್ರ ಇದೆ, ಮೇಲೆ ಮೋಡ. ಎತ್ತರ ಸುಮಾರು 1,690 ಮೀಟರ್. ಮುಳ್ಳಯ್ಯನಗಿರಿ 1,930, ಲೆಕ್ಕಕ್ಕೆ ನಮ್ಮದೇ ದೊಡ್ಡದು. ಆದರೆ ಮುಳ್ಳಯ್ಯನಗಿರಿಗೆ ಚಿಕ್ಕಮಗಳೂರಿನಿಂದ ಹತ್ತಿದರೆ ಅಷ್ಟು ಹೊತ್ತಿಗೆ ಸಾವಿರ ಮೀಟರ್ ಆಗಲೇ ಮುಗಿದಿರುತ್ತದೆ. ಇದು ಸಮುದ್ರದಿಂದಲೇ ಎದ್ದು ನಿಂತಿದೆ. ನೀರಿನ ಕೆಳಗೂ ಅದೇ ಗೋಡೆ ಮುಂದುವರಿಯುತ್ತದೆ, ಆಳ ಇರುವಲ್ಲಿ ಹೆಚ್ಚು ಕಡಿಮೆ 300 ಮೀಟರ್ ತನಕ.

ಈ ಬೋಳು ಗೆರೆ ಕಾಣುತ್ತಾ, ಕಾಡಿನ ಮಧ್ಯೆ ಬಾಚಣಿಗೆಯಲ್ಲಿ ಕೆರೆದ ಹಾಗೆ? ಬಂಡೆಗೆ ಮೊದಲು ಹಾವಸೆ ಹಿಡಿಯುತ್ತದೆ, ಆಮೇಲೆ ಜರಿಗಿಡ, ಅದರ ಮೇಲೆ ಮರ. ಬೇರು ಊರಲು ಮಣ್ಣಿಲ್ಲದ್ದಕ್ಕೆ ಮರಗಳು ಒಂದರ ಬೇರು ಇನ್ನೊಂದು ಹಿಡಿದುಕೊಂಡು ನಿಂತಿರುತ್ತವೆ. ಮಳೆ ವಿಪರೀತವಾಗಿ ಒಂದು ಕೈಬಿಟ್ಟರೆ ಸಾಲೆಲ್ಲ ಜಾರಿ ನೀರಿಗೆ. ನಮ್ಮಲ್ಲಿ ಧರೆ ಕುಸಿಯುತ್ತದಲ್ಲ, ಇಲ್ಲಿ ಕಾಡೇ ಕುಸಿಯುತ್ತದೆ. ಮತ್ತೆ ಹಾವಸೆಯಿಂದ ಶುರು.

ನೀರಿನ ಬಣ್ಣ ಗಮನಿಸಿ. ಕಪ್ಪು ಟೀ ಹಾಗಿದೆ. ಕಾಡಿನ ಎಲೆ, ತೊಗಟೆಯ ರಸ ಮಳೆನೀರಿನ ಜೊತೆ ಇಳಿದು ಬಂದಿರುವುದು. ಸಿಹಿನೀರು ಹಗುರ, ಉಪ್ಪುನೀರು ಭಾರ, ಹಾಗಾಗಿ ಬೆರೆಯದೆ ಇದು ಮೇಲೇ ಪದರವಾಗಿ ತೇಲುತ್ತದೆ. ಈ ಟೀ ಪದರ ಬೆಳಕನ್ನು ತಡೆಯುತ್ತದೆ. ಕೆಳಗೆ ಹತ್ತು ಮೀಟರಿನಲ್ಲೇ ಆಳಸಮುದ್ರದ ಕತ್ತಲು. ಬೇರೆ ಕಡೆ ತುಂಬಾ ಆಳದಲ್ಲಿ ಬದುಕುವ ಕಪ್ಪು ಹವಳ ಇಲ್ಲಿ ಅಷ್ಟು ಮೇಲೇ ಬೆಳೆಯುವುದು ಅದಕ್ಕೇ. ಹೆಸರು ಕಪ್ಪು, ಜೀವ ಇರುವಾಗ ನೋಡಲು ಬೆಳ್ಳಗೆ. ಹ್ಯಾರಿಸನ್ ಕೋವ್‌ನಲ್ಲಿ ನೀರಿನೊಳಗೆ ಇಳಿದು ನೋಡುವ ವೀಕ್ಷಣಾಲಯ ಇದೆ, ನಮಗೆ ಟೈಮ್ ಸಾಲಲಿಲ್ಲ. ಅಂದರೆ ಈ ಮಳೆ ಬಂಡೆಯ ಮೇಲಷ್ಟೇ ಅಲ್ಲ, ಸಮುದ್ರದ ಒಳಗೂ ಕೆಲಸ ಮಾಡುತ್ತಿದೆ.

ಸುಮಾರು 15 ಕಿಲೋಮೀಟರ್ ಆದ ಮೇಲೆ ಟಾಸ್ಮನ್ ಸಮುದ್ರ. ಅಲೆ ಎದ್ದಿದ್ದಕ್ಕೆ ನಮ್ಮವರು ಜಾಸ್ತಿ ದೂರ ಹೋಗಲಿಲ್ಲ, ಬಾಯಿಯಲ್ಲೇ ತಿರುಗಿಸಿದರು. ತಿರುಗುವಾಗ ಹಿಂದೆ ನೋಡಿ. ದಾರಿ ಎಲ್ಲಿದೆ? ಬೆಟ್ಟಕ್ಕೆ ಬೆಟ್ಟ ಅಂಟಿ ಬಾಗಿಲು ಮುಚ್ಚಿದ ಹಾಗಿದೆ. 1770ರಲ್ಲಿ ಕ್ಯಾಪ್ಟನ್ ಕುಕ್ ಇದೇ ಕರಾವಳಿಯಲ್ಲಿ ಹೋದವನು, ಒಳಗೆ ಬರಲೇ ಇಲ್ಲ. ತಪ್ಪು ಅವನದ್ದಲ್ಲ.

ವಾಪಸ್ಸು ಬರುವಾಗ ಬಲಕ್ಕೂ ಎಡಕ್ಕೂ ಎಲ್ಲರೂ ಓಡಿದ್ದು ಈ ಬಂಡೆಗಾಗಿ. ಮೇಲೆ ಸೀಲ್‌ಗಳು, ಫರ್ ಸೀಲ್. ಸುತ್ತ ಎಲ್ಲ ಕಡಿದಾದ ಗೋಡೆ, ಹತ್ತಿ ಮಲಗಲು ಬರುವಂಥ ಜಾಗ ಕಡಿಮೆ. ಒಂದು ಕಾಲದಲ್ಲಿ ಚರ್ಮಕ್ಕಾಗಿ ಇವನ್ನು ಹೆಚ್ಚು ಕಡಿಮೆ ಮುಗಿಸಿಯೇ ಬಿಟ್ಟಿದ್ದರು. ಈಗ ನೋಡಿ, ಮಳೆಯಲ್ಲಿ ಅಂಗಾತ ಬಿದ್ದುಕೊಂಡಿವೆ, ನಮ್ಮ ಕಡೆ ಕಣ್ಣು ಕೂಡ ತೆರೆಯಲಿಲ್ಲ.

ಇದು ಸ್ಟರ್ಲಿಂಗ್ ಜಲಪಾತ. 150 ಮೀಟರ್ ದಾಟುತ್ತದೆ. ಜೋಗ 253 ಮೀಟರ್, ಹೌದು, ಗೊತ್ತು. ಆದರೆ ಜೋಗದ ರಾಜನ ಕೆಳಗೆ ದೋಣಿ ತಂದು ಯಾರೂ ನಿಲ್ಲಿಸುವುದಿಲ್ಲ. ಇಲ್ಲಿ ಚಾಲಕ ಮೈಕಿನಲ್ಲಿ ಒಂದು ಎಚ್ಚರಿಕೆ ಕೊಟ್ಟು, ನಕ್ಕು, ಮೂತಿಯನ್ನು ಸೀದಾ ಅದರ ಬುಡಕ್ಕೆ ಹಾಕಿದ. ಮೊದಲು ಗಾಳಿ ಬಂತು, ನೀರಲ್ಲ. ಬೀಳುವ ನೀರು ತಳ್ಳುವ ಗಾಳಿ, ಕೊಡೆ ಇದ್ದಿದ್ದರೆ ಸಿಡ್ನಿಗೆ ಹೋಗುತ್ತಿತ್ತು. ಆಮೇಲೆ ಒಂದು ಸೆಕೆಂಡು ಎಲ್ಲ ಬೆಳ್ಳಗೆ. ಉಸಿರು ಎಳೆದರೆ ಅರ್ಧ ನೀರು. ಕಿವಿಯಲ್ಲಿ ಸದ್ದೇ ಇಲ್ಲ, ಎದೆಯಲ್ಲಿ ಮಾತ್ರ ಗುಡುಗುತ್ತಿದೆ. ಚಿಕ್ಕವರಿದ್ದಾಗ ಪುಷ್ಯ ಮಳೆಯಲ್ಲಿ ಶಾಲೆಯಿಂದ ಬರುವಾಗ ತಂಗಿ, ನಾನು ಇಬ್ಬರೂ ಸಂಕದ ಮೇಲೆ ನಿಂತು ಹಳ್ಳಕ್ಕೆ ಕೇಳುವ ಹಾಗೆ ಕಿರುಚುತ್ತಿದ್ದೆವು, ಹಳ್ಳದ ಸದ್ದಿನಲ್ಲಿ ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ. ಈ ಫ್ರೇಮಿನ ಮೂಲೆಯಲ್ಲಿ ಬಾಯಿ ತೆರೆದು ನಿಂತಿರುವವಳು ಅವಳೇ. ಹೊಟ್ಟೆ ತೊಳಸು ಮರೆತಿದ್ದಾಳೆ, ಕಿರುಚುತ್ತಿದ್ದಾಳೆ. ಮೈಕ್ ಸತ್ತಿದ್ದು ಇಲ್ಲೇ.

ದಡಕ್ಕೆ ಬಂದು ಐದು ನಿಮಿಷ ಮಳೆ ಸಣ್ಣದಾಯಿತು. ಅಷ್ಟು ಸಾಕಾಯಿತು ಸ್ಯಾಂಡ್‌ಫ್ಲೈಗಳಿಗೆ. ಎಳ್ಳಿನಷ್ಟು ದೊಡ್ಡ ಕಪ್ಪು ನೊಣ. ಉಂಬಳಕ್ಕಾದರೆ ಸುಣ್ಣ, ಉಪ್ಪು ಇದೆ, ಇದಕ್ಕೆ ಏನಿದೆ? ಮಾವೋರಿ ಕಥೆಯ ಪ್ರಕಾರ ಟೂ ಟೆ ರಾಕಿ ಫಾನೊವಾ ಎಂಬ ದೇವರು ಬಾಚಿಯಿಂದ ಕೆತ್ತಿ ಕೆತ್ತಿ ಈ ಫ್ಯೋರ್ಡ್‌ಗಳನ್ನು ಮಾಡಿದ. ತೆಂಕಣದಿಂದ ಶುರುಮಾಡಿದ್ದರಿಂದ, ಕೈ ಪಳಗಿ ಪಳಗಿ, ಕೊನೆಯ ಇದು ಅತಿ ಚೆಂದ ಬಂತು. ಎಷ್ಟು ಚೆಂದ ಅಂದರೆ ಜನ ಇಲ್ಲೇ ಉಳಿದುಬಿಟ್ಟಾರು ಅಂತ ಸಾವಿನ ದೇವತೆ ಹಿನೆ ನುಯಿ ಟೆ ಪೊ ಈ ನೊಣಗಳನ್ನು ಬಿಟ್ಟಳಂತೆ. ಕೆಲಸ ಅಚ್ಚುಕಟ್ಟಾಗಿ ನಡೆಯುತ್ತಿದೆ. ನಾವು ಓಡಿ ಕಾರು ಹತ್ತಿದೆವು.

ಹೊರಡುವ ಮೊದಲು ಚಾಲಕನನ್ನು ಕೇಳಿದ್ದೆ, ಈವತ್ತು ಎಷ್ಟು ಬಿತ್ತು ಅಂತ. ರಾತ್ರಿಯಿಂದ 120 ಮಿಲಿಮೀಟರ್ ಅಂದ, ಇದೇನು ಮಹಾ ಅನ್ನುವ ಮುಖದಲ್ಲಿ. ಇಲ್ಲಿಯವರಿಗೆ ಅದು ನಿಜವೂ ಹೌದು. 2020ರ ಫೆಬ್ರವರಿಯಲ್ಲಿ ಸುರಿದ ಮಳೆಗೆ ಇದೇ ರಸ್ತೆ ಕೊಚ್ಚಿಹೋಗಿ, ಸಿಕ್ಕಿಹಾಕಿಕೊಂಡ ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಗಿತ್ತು.

ಸಂಜೆ ಸುರಂಗದ ಹತ್ತಿರ ಮತ್ತೆ ನಿಲ್ಲಿಸಿದೆವು. ಇದೇ ಗೋಡೆ, ಬೆಳಿಗ್ಗೆ ನಲವತ್ತು ಎಣಿಸಿದ್ದು. ಮಳೆ ನಿಂತು ಎರಡು ಗಂಟೆ ಆಗಿರಬಹುದು. ಈಗ ಏಳೋ ಎಂಟೋ ಇವೆ, ಅವೂ ದಾರದ ಹಾಗೆ. ಮೋಡ ಸರಿದು ಬಿಸಿಲು ಬಿದ್ದಿತ್ತು. ನನಗೆ ಬೇಕಾಗಿದ್ದ ನೀಲಿ ಆಕಾಶ. ಹೆಚ್ಚು ಹೊತ್ತು ಶೂಟ್ ಮಾಡಲಿಲ್ಲ.

ಟೆ ಅನಾವ್‌ಗೆ ಬಂದು ಸಿಗ್ನಲ್ ಸಿಕ್ಕಿದ್ದೇ ಅಪ್ಪನಿಗೆ ಫೋನ್ ಮಾಡಿದೆ. ಅರ್ಧ ದಿನಕ್ಕೆ 120 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ಐದು ಇಂಚು, ಡಿಸೆಂಬರಿನಲ್ಲಿ ಅಂದೆ. ಈ ಸಲ ನಾನು ಗೆದ್ದೆ ಅಂದುಕೊಂಡಿದ್ದೆ.

"ಡಿಸೆಂಬರಲ್ಲಾ?" ಅಂದರು ಅಪ್ಪ, ಗಾಬರಿಯಲ್ಲಿ. "ನಿಮಗೇನು, ನೋಡ್ಕೊಂಡು ಬನ್ನಿ. ಇಲ್ಲಿ ಕಣದ ತುಂಬಾ ಕಾಫಿ ಹರವಿದೀನಿ, ಆ ಮಳೆನ ಈ ಕಡೆ ಮಾತ್ರ ಕಳಿಸಬೇಡ ಮಾರಾಯ್ತಿ."