ಮನೆಯ ವಿಮಾನ ಕಾರ್ಯಾಗಾರ: ಎಲ್ಲಿ ಅಗ್ಗ ಸಾಕು, ಎಲ್ಲಿ ಸಾಲದು

ಮನೆಯಲ್ಲೇ ವಿಮಾನ ಕಟ್ಟಲು ಹೊರಟವರಿಗೆ ಎಲ್ಲ ಕಡೆಯಿಂದಲೂ ಸಿಗುವ ಸಲಹೆ ಒಂದಿದೆ: ಮೊದಲು ಅಗ್ಗದ ಪರಿಕರವನ್ನೇ ಕೊಳ್ಳಿ, ಅದು ಮುರಿದ ಮೇಲೆ ಒಳ್ಳೆಯದನ್ನು ತನ್ನಿ. ಕಾರಿನ ಅಥವಾ ಬೈಕಿನ ರಿಪೇರಿಗೆ ಈ ಮಾತು ಸಲ್ಲುತ್ತದೆ. ವಿಮಾನದ ಕೆಲಸಕ್ಕೆ ಸಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮುರಿದ ಪರಿಕರದಿಂದ ಆಗುವ ನಷ್ಟ ಅದರ ಬೆಲೆಯಷ್ಟೇ. ಮುರಿಯದೆ, ದೂರಿಗೂ ಎಡೆಗೊಡದೆ, ವರ್ಷಗಟ್ಟಲೆ ಕೂದಲೆಳೆಯಷ್ಟು ತಪ್ಪು ಕೆಲಸ ಮಾಡುತ್ತಾ ಹೋಗುವ ಪರಿಕರದ ನಷ್ಟವನ್ನು ಮಾತ್ರ ವಿಮಾನವೇ ಹೊರಬೇಕಾಗುತ್ತದೆ. ಆದ್ದರಿಂದ ಬೆಲೆಪಟ್ಟಿಯನ್ನು ನೋಡುವ ಮೊದಲು ಪ್ರತಿಯೊಂದು ಪರಿಕರದ ಬಗ್ಗೆಯೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದು ತಪ್ಪು ಮಾಡಿದರೆ ಆ ತಪ್ಪು ನನ್ನ ಕಣ್ಣಿಗೆ ಬೀಳುತ್ತದೆಯೇ? ಬಿದ್ದರೆ, ಸರಿಪಡಿಸಲು ಬರುತ್ತದೆಯೇ? ಎರಡಕ್ಕೂ ಹೌದು ಎಂದಾದರೆ ಸಿಕ್ಕಿದ್ದರಲ್ಲಿ ಅಗ್ಗವಾದುದನ್ನು ನಿಶ್ಚಿಂತೆಯಿಂದ ಕೊಳ್ಳಬಹುದು.

ಇದಕ್ಕೂ ಮೊದಲಿನ ಮಾತೊಂದಿದೆ. ಯಾವ ವಿಮಾನ ಎಂದು ತೀರ್ಮಾನಿಸದೆ ಪರಿಕರ ಕೊಳ್ಳುವುದು ಹಣ ಪೋಲು ಮಾಡುವ ಅತ್ಯಂತ ಸುಲಭವಾದ ದಾರಿ. ವ್ಯಾನ್ಸ್ ಕಂಪನಿಯ ಆರ್‌ವಿ ಸರಣಿಯ ಹೆಚ್ಚಿನ ವಿಮಾನಗಳಿಗೆ ತಗಡುಗಳನ್ನು ಬೆಸೆಯುವ ಲೋಹದ ಮೊಳೆಯಾದ ರಿವೆಟ್ಟನ್ನು ಸುತ್ತಿಗೆಯಂತೆ ಬಡಿಯುವ ರಿವೆಟ್ ಗನ್ನೂ ಹಿಂಬದಿಯಲ್ಲಿ ಒತ್ತಿ ಹಿಡಿಯುವ ಬಕ್ಕಿಂಗ್ ಬಾರೂ ಬೇಕು. ಅದೇ ಅಲ್ಯೂಮಿನಿಯಂ ಹಾಳೆಯ ಝೆನಿತ್ ಸಿಎಚ್ 750ರಲ್ಲಿ ಒಂದೇ ಬದಿಯಿಂದ ಎಳೆದು ಕೂರಿಸುವ ರಿವೆಟ್‌ಗಳಿರುವುದರಿಂದ ಪರಿಕರಗಳ ಪಟ್ಟಿ ಬಹಳಷ್ಟು ಚಿಕ್ಕದಾಗುತ್ತದೆ. 1920ರ ದಶಕದ ಕೊನೆಯಲ್ಲಿ ರೂಪುಗೊಂಡ ಮರದ ಪೀಟನ್‌ಪೋಲ್ ಏರ್ ಕ್ಯಾಂಪರ್‌ಗೆ ಗರಗಸ, ಉಜ್ಜುಗೊರಡು, ರಾಶಿ ಕ್ಲ್ಯಾಂಪ್‌ಗಳು ಮತ್ತು ಎಪಾಕ್ಸಿ ಅಂಟು ಬಹುಪಾಲು ಸಾಕು. ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಝಿಯಂತಹ ಫೋಮ್ ಮತ್ತು ಗಾಜಿನ ನಾರಿನ ವಿಮಾನಕ್ಕಾದರೆ ಎಲ್ಲಕ್ಕಿಂತ ಮುಖ್ಯವಾದ ಪರಿಕರ ಒಂದು ತಕ್ಕಡಿ, ಏಕೆಂದರೆ ರಾಳ ಮತ್ತು ಗಟ್ಟಿಕಾರಕದ ಪ್ರಮಾಣ ತಪ್ಪಿದರೆ ಮೇಲ್ನೋಟಕ್ಕೆ ಒಣಗಿದಂತೆ ಕಂಡರೂ ಒಳಗೆ ಪೂರ್ಣ ಬಲ ಬಂದಿರುವುದಿಲ್ಲ. ಇಲ್ಲಿಂದ ಮುಂದೆ ನಾನು ಹೆಚ್ಚಾಗಿ ಅಲ್ಯೂಮಿನಿಯಂ ಹಾಳೆಯ ವಿಮಾನದ ಬಗ್ಗೆ ಮಾತನಾಡುತ್ತೇನೆ. ಪರಿಕರಗಳಿಗೆ ಹೆಚ್ಚು ಹಣ ಹೋಗುವುದು ಅಲ್ಲಿಯೇ.

ಅಗ್ಗ ಸಾಕಾಗುವ ಕಡೆಯಿಂದ ಆರಂಭಿಸೋಣ. ಗರಗಸ ವಕ್ರವಾಗಿ ಕೊಯ್ದರೆ ಗೆರೆಯ ಪಕ್ಕದಲ್ಲೇ ಅದು ಕಾಣುತ್ತದೆ. ಒಂದಿಷ್ಟು ಹೆಚ್ಚುವರಿ ಬಿಟ್ಟು ಕೊಯ್ದು ಆಮೇಲೆ ಅರದಿಂದ ಗೆರೆಯವರೆಗೆ ತಂದರಾಯಿತು. ತಗಡು ಕತ್ತರಿ, ಬೆಂಚ್ ಗ್ರೈಂಡರ್, ಕ್ಲ್ಯಾಂಪ್, ದೀಪ, ಸ್ಕ್ರೂಡ್ರೈವರ್, ಸಾಮಾನ್ಯ ಸ್ಪ್ಯಾನರ್‌ಗಳು ಇದೇ ಗುಂಪಿಗೆ ಸೇರುತ್ತವೆ. ಗ್ರೈಂಡರ್ ಅಗ್ಗದ್ದೇ ಇರಲಿ, ಆದರೆ ಅದಕ್ಕೆ ಹಾಕುವ ಸ್ಕಾಚ್-ಬ್ರೈಟ್ ಚಕ್ರ ಮಾತ್ರ ಒಳ್ಳೆಯದಿರಲಿ. ಕೊಯ್ದ ಅಂಚಿನಲ್ಲಿ ಉಳಿಯುವ ಸಣ್ಣ ಗೀರುಗಳಿಂದಲೇ ಬಿರುಕು ಹುಟ್ಟುವುದರಿಂದ, ಅವನ್ನು ನುಣುಪಾಗಿ ಅಳಿಸುವ ಕೆಲಸವನ್ನು ಆ ಚಕ್ರ ಕೈ ಅರಕ್ಕಿಂತ ಎಷ್ಟೋ ಬೇಗ ಮುಗಿಸುತ್ತದೆ. ಗುರುತು ಹಾಕಲು ಪೆನ್ಸಿಲ್ ಬಳಸುವವರಿಗೆ ಒಂದು ಎಚ್ಚರಿಕೆ: ಸೀಸದ ಕಡ್ಡಿಯೆಂದು ನಾವು ಕರೆಯುವುದು ವಾಸ್ತವವಾಗಿ ಗ್ರಾಫೈಟ್, ತೇವವಿದ್ದಾಗ ಅದು ಅಲ್ಯೂಮಿನಿಯಂ ಅನ್ನು ಸವೆಸುತ್ತದೆ. ತೆಳು ತುದಿಯ ಮಾರ್ಕರ್ ಪೆನ್ನು ಕೂಡ ಅಗ್ಗವೇ.

ಕೆಲಸದ ಮೇಜನ್ನು ಕೊಳ್ಳಲೇಬೇಡಿ, ಸಾಧಾರಣ ಮರದಲ್ಲಿ ನೀವೇ ಮಾಡಿಕೊಳ್ಳಿ. ಆದರೆ ಅದರ ಮಟ್ಟದ ವಿಷಯದಲ್ಲಿ ಪಟ್ಟು ಸಡಿಲಿಸಬೇಡಿ, ಏಕೆಂದರೆ ತಿರುಚಿದ ಮೇಜಿನ ಮೇಲೆ ರಿವೆಟ್ ಹೊಡೆದ ಬಾಲದ ರೆಕ್ಕೆಯಲ್ಲಿ ಆ ತಿರುಚು ಶಾಶ್ವತವಾಗಿ ಉಳಿದುಬಿಡುತ್ತದೆ. ಮಟ್ಟ ನೋಡಲು ದುಬಾರಿ ಲೇಸರ್ ಬೇಕಾಗಿಲ್ಲ. ನೀರು ತುಂಬಿದ ಪಾರದರ್ಶಕ ಕೊಳವೆಯೂ ಒಂದು ತೂಗುಗುಂಡೂ ಇದ್ದರೆ, ಎರಡು ರೆಕ್ಕೆಗಳ ತುದಿಗಳು ಸಮವಾಗಿವೆಯೇ ಎಂಬುದನ್ನು ನಂಬಿಕೆಗೆ ಅರ್ಹವಾಗಿ ಅಳೆಯಬಹುದು. ಕೊಳವೆಯೊಳಗೆ ಗಾಳಿಗುಳ್ಳೆ ಉಳಿಯದಂತೆ ನೋಡಿಕೊಂಡರೆ ಸಾಕು. ಗುರುತ್ವಾಕರ್ಷಣೆಗೆ ಕ್ಯಾಲಿಬ್ರೇಷನ್ ಬೇಡ.

ಇನ್ನು ತೂತಿನ ವಿಚಾರ. ಇಲ್ಲಿ ನಾನು ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಲೋಹದ ವಿಮಾನವೆಂದರೆ ಸಾವಿರಾರು ತೂತುಗಳು, ಮತ್ತು ಲೋಹದ ದಣಿವಿನಿಂದ ಹುಟ್ಟುವ ಬಿರುಕುಗಳು ಸಾಮಾನ್ಯವಾಗಿ ಆರಂಭವಾಗುವುದು ತೂತಿನ ಅಂಚಿನಲ್ಲೇ. 1/8 ಇಂಚಿನ ರಿವೆಟ್‌ಗೆ 30ನೇ ನಂಬರಿನ ಡ್ರಿಲ್ ಬಿಟ್ ಬಳಸುತ್ತಾರೆ. ಅದರ ವ್ಯಾಸ 0.1285 ಇಂಚು, ಅಂದರೆ ರಿವೆಟ್‌ಗಿಂತ ದೊಡ್ಡದಿರುವುದು ಇಂಚಿನ ಸಾವಿರ ಭಾಗಗಳಲ್ಲಿ ಮೂರೂವರೆ ಭಾಗದಷ್ಟು ಮಾತ್ರ. ಬಿಟ್ ಹಿಡಿಯುವ ಚಕ್ ಓಲಾಡುವ ಡ್ರಿಲ್ ಯಂತ್ರ ಅಥವಾ ತುದಿ ಸವೆದ ಬಿಟ್ ಈ ಅಂತರವನ್ನು ನುಂಗಿಹಾಕಿ ಅಂಡಾಕಾರದ ತೂತನ್ನು ಕೊಡುತ್ತದೆ, ಅದರ ಮೇಲೆ ರಿವೆಟ್‌ನ ತಲೆ ಕುಳಿತ ನಂತರ ಯಾರಿಗೂ ಅದು ಕಾಣುವುದಿಲ್ಲ. ಆದ್ದರಿಂದ ಯಂತ್ರಕ್ಕಿಂತ ಬಿಟ್‌ಗಳಿಗೆ ಹೆಚ್ಚು ಹಣ ಇಡಿ. 135 ಡಿಗ್ರಿಯ ಸೀಳುತುದಿಯ ಬಿಟ್‌ಗಳು ತಗಡಿನ ಮೇಲೆ ಅತ್ತಿತ್ತ ಜಾರದೆ ನೆಟ್ಟಗೆ ಇಳಿಯುತ್ತವೆ. ಬಳಸುವ ಎರಡು ಮೂರು ಅಳತೆಗಳಲ್ಲಿ ಮಾತ್ರ ಡಜನ್‌ಗಟ್ಟಲೆ ತಂದಿಟ್ಟುಕೊಳ್ಳಿ, ಮೊಂಡಾದ ಕೂಡಲೇ ಎಸೆಯಿರಿ. ನೂರು ಬಿಟ್‌ಗಳ ಅಂದವಾದ ಪೆಟ್ಟಿಗೆ ನಿಮಗೆ ಬೇಡ; ಅದರಲ್ಲಿ ತೊಂಬತ್ತಕ್ಕೂ ಹೆಚ್ಚು ಬಿಟ್‌ಗಳು ಪೆಟ್ಟಿಗೆಯಿಂದ ಹೊರಗೇ ಬರುವುದಿಲ್ಲ. ಯಂತ್ರವನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು: ನೆಟ್ಟಗಿನ ಬಿಟ್ ಸಿಕ್ಕಿಸಿ ನಿಧಾನವಾಗಿ ತಿರುಗಿಸಿ, ತುದಿ ಒಂದೇ ಕಡೆ ನಿಲ್ಲುತ್ತದೆಯೋ ವೃತ್ತ ಬಿಡಿಸುತ್ತದೆಯೋ ನೋಡಿ. ಅಗ್ಗದ ಗಾಳಿ ಡ್ರಿಲ್ ಈ ಪರೀಕ್ಷೆಯಲ್ಲಿ ಗೆದ್ದರೆ ಅದು ಅಗ್ಗದ್ದೆಂಬ ಕಾರಣಕ್ಕೆ ಬಿಟ್ಟುಬರಬೇಕಾಗಿಲ್ಲ.

ಒಂದೇ ರೀತಿ ಕಾಣುವ, ಆದರೆ ಬೇರೆಯೇ ಕೆಲಸಕ್ಕೆ ಹುಟ್ಟಿದ ಪರಿಕರಗಳ ವಿಷಯದಲ್ಲಿ ಮಾತ್ರ ಉಳಿತಾಯದ ಆಸೆಯನ್ನು ಪೂರ್ತಿ ಬಿಡಬೇಕು. ತಲೆ ಕೂರುವಂತೆ ತೂತಿನ ಬಾಯನ್ನು ಇಳಿಜಾರಾಗಿ ಕೊರೆಯುವ, ಹಾರ್ಡ್‌ವೇರ್ ಅಂಗಡಿಯ ಕೌಂಟರ್‌ಸಿಂಕ್ ಬಿಟ್ ಸಾಮಾನ್ಯವಾಗಿ 82 ಅಥವಾ 90 ಡಿಗ್ರಿಯದು. ಎಎನ್ ಎಂಬ ವಿಮಾನ ಬಿಡಿಭಾಗಗಳ ಅಮೆರಿಕನ್ ಮಾನದಂಡದ ಎಎನ್426 ರಿವೆಟ್‌ನ ತಲೆ 100 ಡಿಗ್ರಿಯದು. ಕಾರಿನ ಬ್ರೇಕ್ ಪೈಪಿನ ತುದಿಯನ್ನು ಅರಳಿಸುವ ಪರಿಕರ 45 ಡಿಗ್ರಿಯದು. ವಿಮಾನದ ಎಎನ್ ಜೋಡಣೆಗಳಿಗೆ ಬೇಕಾದದ್ದು 37 ಡಿಗ್ರಿ. ಕಣ್ಣಳತೆಗೆ ಸಿಗದ ಈ ವ್ಯತ್ಯಾಸದಿಂದ ಇಂಧನದ ಕೊಳವೆ ಸೋರಬಹುದು. ಗ್ಯಾರೇಜುಗಳ ಏರ್ ಹ್ಯಾಮರ್ ಕೂಡ ಇದೇ ಜಾತಿಯದು. ರಿವೆಟ್ ಗನ್ನಿನಂತೆಯೇ ಕಾಣುತ್ತದೆ, ರಿವೆಟ್ ತಲೆಗೆ ಬಡಿಯುವ ಅದೇ ತುದಿಗಳು (ಸೆಟ್‌ಗಳು) ಅದಕ್ಕೂ ಹೊಂದುತ್ತವೆ, ಬೆಲೆಯಂತೂ ಬಹಳ ಕಡಿಮೆ. ಆದರೆ ಅದು ಹುಟ್ಟಿದ್ದು ಉಳಿಯಿಂದ ಕಡಿಯಲು. ಟ್ರಿಗರ್ ಒತ್ತಿದಷ್ಟೇ ಬಲ ಬಿಡುವ ಸೂಕ್ಷ್ಮ ನಿಯಂತ್ರಣ ಅದಕ್ಕಿಲ್ಲ. ತೆಳುವಾದ ಹೊರಮೈ ತಗಡಿನ ಮೇಲೆ ಗನ್ ಒಂದು ಸಲ ಹಾರಿದರೆ ಉಳಿಯುವ ಗುಳಿಯನ್ನು ಬಣ್ಣವೂ ಮುಚ್ಚುವುದಿಲ್ಲ.

ರಿವೆಟ್ ಗನ್ನಿನ ಬಗ್ಗೆ ನನ್ನ ಎರಡು ಪ್ರಶ್ನೆಗಳಿಗೆ ಎರಡು ಬೇರೆ ಬೇರೆ ಉತ್ತರಗಳು ಬರುತ್ತವೆ. ತಪ್ಪು ಕಾಣುತ್ತದೆ: ಹಿಂಬದಿಯಲ್ಲಿ ಮೂಡುವ ತಲೆಯ ಅಗಲ ರಿವೆಟ್ ವ್ಯಾಸದ ಒಂದೂವರೆ ಪಟ್ಟು, ಎತ್ತರ ಅರ್ಧ ಪಟ್ಟು ಇರಬೇಕು, ಅದನ್ನು ಅಳೆಯಲು ಸಣ್ಣದೊಂದು ಗೇಜ್ ಸಾಕು. ಆದರೆ ಸರಿಪಡಿಸುವುದು ಸುಲಭವಲ್ಲ, ಏಕೆಂದರೆ ಕೆಟ್ಟ ರಿವೆಟ್ ಕೊರೆದು ತೆಗೆಯುವಾಗ ತೂತು ಇನ್ನಷ್ಟು ಹಿಗ್ಗುವ ಅಪಾಯವಿದೆ. ಹೀಗಾಗಿ ಗನ್ ಒಳ್ಳೆಯದಿರಬೇಕು, ಆದರೆ ಹೊಸದೇ ಆಗಬೇಕೆಂದಿಲ್ಲ. ಬಕ್ಕಿಂಗ್ ಬಾರ್ ಎಂಬುದು ಮುಖ ನುಣುಪಾಗಿರುವ ಉಕ್ಕಿನ ಗಟ್ಟಿಯಷ್ಟೇ. ಚಿಕ್ಕ ಗಾತ್ರದಲ್ಲಿ ಹೆಚ್ಚು ತೂಕ ಕೊಡುವ ಟಂಗ್‌ಸ್ಟನ್ ಬಾರ್ ಕೈಗೆ ಸುಖ ಕೊಡುವುದು ನಿಜ, ಆದರೂ ಆರಂಭಕ್ಕೆ ಅದು ಐಷಾರಾಮ.

ತಪ್ಪು ಕಣ್ಣಿಗೆ ಬೀಳದ ಪರಿಕರಗಳಲ್ಲೂ ಎಲ್ಲವೂ ದುಬಾರಿ ಎಂದೇನಿಲ್ಲ. ಒಮ್ಮೊಮ್ಮೆ ಅಗ್ಗದ್ದೇ ಮೇಲು. ಬೋಲ್ಟನ್ನು ಎಷ್ಟು ಬಲದಿಂದ ಬಿಗಿಯುತ್ತಿದ್ದೇವೆ ಎಂದು ತಿಳಿಸುವ ಟಾರ್ಕ್ ರೆಂಚನ್ನೇ ನೋಡಿ. ಸಣ್ಣ ಎಎನ್3 ಬೋಲ್ಟಿನ ನಟ್ಟಿಗೆ ಸಾಮಾನ್ಯವಾಗಿ ಬೇಕಾಗುವುದು 20ರಿಂದ 25 ಇಂಚು-ಪೌಂಡ್ ಮಾತ್ರ. ಕಾರಿನ ಚಕ್ರಕ್ಕೆಂದು ತಂದ, ಟಕ್ ಎಂದು ಸದ್ದು ಮಾಡುವ ದೊಡ್ಡ ರೆಂಚಿಗೆ ಅಷ್ಟು ಕಡಿಮೆ ಬಲ ಗೊತ್ತೇ ಆಗುವುದಿಲ್ಲ. ಅದರ ಸದ್ದಿಗಾಗಿ ಕಾಯುತ್ತಿರುವಾಗಲೇ ಬೋಲ್ಟು ತುಂಡಾಗಬಹುದು. ಅದಕ್ಕಿಂತ ಕಡಿಮೆ ಬೆಲೆಯ, ಕಡ್ಡಿ ಬಾಗಿ ಮುಳ್ಳು ತೋರಿಸುವ ಚಿಕ್ಕ ಅಳತೆಯ ಬೀಮ್ ರೆಂಚಿನಲ್ಲಿ ಸೆಟ್ಟಿಂಗ್ ಕೆಡುವ ಭಯ ಕಡಿಮೆ. ಜೊತೆಗೆ ತಾನೇ ಬಿಗಿ ಹಿಡಿಯುವ ಲಾಕ್ ನಟ್ ಸುಮ್ಮನೆ ತಿರುಗಲು ಎಷ್ಟು ಬಲ ಕೇಳುತ್ತದೆ ಎಂಬುದನ್ನೂ ಅದು ನೇರವಾಗಿ ತೋರಿಸುತ್ತದೆ, ಮತ್ತು ಆ ಬಲವನ್ನು ನಿಗದಿತ ಅಂಕಿಗೆ ಕೂಡಿಸಿಕೊಳ್ಳಲೇಬೇಕು. ನಿಯಂತ್ರಣ ಕೇಬಲ್ಲಿನ ತುದಿಗೆ ತಾಮ್ರದ ಪುಟ್ಟ ಕೊಳವೆಯನ್ನು (ಸ್ಲೀವ್) ಒತ್ತುವ ಕೆಲಸವೂ ಹೀಗೆಯೇ: ಎರಡು ಬೋಲ್ಟುಗಳನ್ನು ಬಿಗಿಮಾಡಿ ಒತ್ತುವ ಪುಟ್ಟ ಪರಿಕರ ನಿಧಾನವೇ ಹೊರತು ಕಳಪೆಯಲ್ಲ, ಒತ್ತಿದ್ದು ಸರಿಯಾಗಿದೆಯೇ ಎಂದು ಹೇಳುವ ಗೇಜ್ ಜೊತೆಗಿದ್ದರೆ. ವಿದ್ಯುತ್ ತಂತಿಯ ಟರ್ಮಿನಲ್ ಒತ್ತುವ ಕ್ರಿಂಪಿಂಗ್ ಇಕ್ಕಳದಲ್ಲಿ ಮಾತ್ರ ರಾಜಿ ಬೇಡ. ಪೂರ್ತಿ ಒತ್ತುವವರೆಗೆ ಬಾಯಿ ಬಿಡದ ರ‍್ಯಾಚೆಟ್ ಇಕ್ಕಳವನ್ನೇ ಕೊಳ್ಳಿ. ಅರೆಬರೆ ಒತ್ತಿದ ಟರ್ಮಿನಲ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಕೈ ಬಿಡುವುದು ಇಂಜಿನ್ನಿನ ಅದುರಿಗೆ ಸಿಕ್ಕಿದ ಮೇಲೆ.

ರೈಟ್ ಸೋದರರ 1903ರ ವಿಮಾನಕ್ಕೆ ಮೆಕ್ಯಾನಿಕ್ ಚಾರ್ಲಿ ಟೇಲರ್ ಒಂದು ಲೇತ್ ಮತ್ತು ಒಂದು ಡ್ರಿಲ್ ಪ್ರೆಸ್ ಇಟ್ಟುಕೊಂಡೇ ಆರು ವಾರಗಳಲ್ಲಿ ಇಂಜಿನ್ ಮಾಡಿಕೊಟ್ಟ ಕಥೆಯನ್ನು ಅಗ್ಗದ ಪರಿಕರಗಳ ಪರವಾಗಿ ಹೇಳುವವರಿದ್ದಾರೆ. ಆ ಕಥೆಯಿಂದ ತಿಳಿಯುವುದು ಪರಿಕರಗಳು ಕೆಲವೇ ಇದ್ದರೂ ನಡೆಯುತ್ತದೆ ಎಂಬುದಷ್ಟೇ. ಅವು ಕಳಪೆಯಾಗಿದ್ದವು ಎಂದು ಯಾರೂ ಹೇಳಿಲ್ಲ.

ಕ್ಲೆಕೊಗಳ ಮಾತು ಬೇರೆ. ರಿವೆಟ್ ಹೊಡೆಯುವ ತನಕ ತಗಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಈ ಸ್ಪ್ರಿಂಗ್ ಪಿನ್ನುಗಳು ನೂರಾರು ಬೇಕು: 3/32 ಇಂಚಿಗೆ ಬೆಳ್ಳಿ ಬಣ್ಣದವು, 1/8 ಇಂಚಿಗೆ ತಾಮ್ರದ ಬಣ್ಣದವು. ಇವನ್ನು ವಿಮಾನ ಕಟ್ಟಿ ಮುಗಿಸಿದವರಿಂದ ಕೊಳ್ಳುವುದೇ ಜಾಣತನ, ಏಕೆಂದರೆ ಕೆಲಸ ಮುಗಿದ ಮೇಲೆ ಅವರಿಗೆ ಅವುಗಳಿಂದ ಬೇರೆ ಉಪಯೋಗವಿರುವುದಿಲ್ಲ. ಬಾಗಿದ ಕಾಲಿನವನ್ನೂ ಸ್ಪ್ರಿಂಗ್ ಸೋತವನ್ನೂ ಆರಿಸಿ ಬದಿಗಿಟ್ಟರಾಯಿತು. ಒಳ್ಳೆಯ ಗನ್, ರಿವೆಟ್ಟನ್ನು ಬಡಿಯದೆ ಹಿಂಡಿ ಕೂರಿಸುವ ಸ್ಕ್ವೀಝರ್, ರಿವೆಟ್ ತಲೆ ಕೂರಲು ತಗಡಿನಲ್ಲಿ ಕುಳಿ ಒತ್ತುವ ಡಿಂಪಲ್ ಡೈಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಮುಂದೆ ಅವನ್ನು ಮಾರಿದಾಗ ಹಾಕಿದ ಹಣದಲ್ಲಿ ಸಾಕಷ್ಟು ಮರಳಿ ಬರುವುದರಿಂದ, ಕೊಳ್ಳುವ ಬೆಲೆಯಲ್ಲಿ ಮಾರುವ ಬೆಲೆ ಕಳೆದು ಉಳಿಯುವುದನ್ನೇ ನಿಜವಾದ ಖರ್ಚೆಂದು ಲೆಕ್ಕ ಹಾಕಬೇಕು. ಹಾಗೆ ನೋಡಿದರೆ, ಯಾರಿಗೂ ಬೇಡವಾಗುವ ಅಗ್ಗದ ಸ್ಕ್ವೀಝರೇ ಎಷ್ಟೋ ಸಲ ದುಬಾರಿಯಾಗುತ್ತದೆ.

ಕಂಪ್ರೆಸರ್ ಕೊಳ್ಳುವಾಗ ಹಲವರು ಬಣ್ಣ ಹೊಡೆಯುವ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಅನಗತ್ಯವಾಗಿ ದೊಡ್ಡದನ್ನು ತರುತ್ತಾರೆ. ರಿವೆಟ್ ಗನ್ ಬಿಟ್ಟು ಬಿಟ್ಟು ಕೆಲವೇ ಸೆಕೆಂಡು ಗಾಳಿ ಬಳಸುವುದರಿಂದ ಅದಕ್ಕೆ ಸಾಧಾರಣ ಕಂಪ್ರೆಸರ್ ಸಾಕು. ಬಿಡುವಿಲ್ಲದೆ ಗಾಳಿ ನುಂಗುವುದು ಸ್ಯಾಂಡರ್ ಮತ್ತು ಸ್ಪ್ರೇ ಗನ್. ಎಣ್ಣೆಯಿಲ್ಲದ ಅಗ್ಗದ ಕಂಪ್ರೆಸರುಗಳ ಗದ್ದಲ ಮನೆಯವರ ಸಹನೆಯನ್ನು ವಿಮಾನಕ್ಕಿಂತ ಮೊದಲೇ ಮುಗಿಸಬಲ್ಲದು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬಣ್ಣದ ವಿಷಯದಲ್ಲಿ, ಎರಡು ಭಾಗಗಳನ್ನು ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣಗಳಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜಿನಿಂದ ಉಸಿರಾಟವನ್ನು ಕಾಪಾಡಲು ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡ ಬೇಕು. ಆ ಮುಖವಾಡ, ಸ್ಪ್ರೇ ಗನ್, ದೊಡ್ಡ ಕಂಪ್ರೆಸರ್, ಧೂಳಿಲ್ಲದ ಕೋಣೆ ಇವಿಷ್ಟನ್ನೂ ಒಂದೇ ವಿಮಾನಕ್ಕಾಗಿ ಹೊಂದಿಸುವ ಮುನ್ನ, ಇವೆಲ್ಲ ಆಗಲೇ ಇರುವ ಬಣ್ಣದ ಕಾರ್ಯಾಗಾರ ಎಷ್ಟು ಕೇಳುತ್ತದೆ ಎಂದು ವಿಚಾರಿಸಿ ನೋಡಿ.