ಔಷಧಿ ಹೊಡೆಯೋ ಮುಂಚೆ ಮೆಣಸಿನಕಾಯಿ ತಿರುಗಿಸಿ ನೋಡಿ

ಸ್ವಲ್ಪ ಹತ್ತಿರದಿಂದ ತೋರಿಸ್ತೀನಿ. ಈ ಕಾಯಿಯ ತುದಿ ಪಕ್ಕದಲ್ಲಿ ಕಂದು ಮಚ್ಚೆ ಇದೆ ನೋಡಿ. ತಗ್ಗಾಗಿದೆ, ಸಿಪ್ಪೆ ಒಣಗಿದ ಕಾಗದದ ಥರ ಆಗಿದೆ. ಮೇಲೆ ಕಪ್ಪು ಬೂಷ್ಟು ಕಂಡ ತಕ್ಷಣ ಶಿಲೀಂಧ್ರನಾಶಕ ಹುಡುಕಬೇಡಿ. ಬೂಷ್ಟು ಆಮೇಲೆ ಬಂದು ಕೂತಿದ್ದು. ಕ್ಯಾಲ್ಸಿಯಂ ಸಾಲದೆ ಅಲ್ಲಿನ ಜೀವಕೋಶಗಳು ಮೊದಲೇ ಸತ್ತಿವೆ. ಇದು ತುದಿ ಕೊಳೆ.

ಹಾಗಂತ ಮಣ್ಣಲ್ಲಿ ಕ್ಯಾಲ್ಸಿಯಂ ಇಲ್ಲ ಅಂತ ಅಲ್ಲ. ಅದು ಬೇರಿನಿಂದ ನೀರಿನ ಜೊತೆಗೇ ಮೇಲೇರಬೇಕು. ಹೆಚ್ಚು ನೀರು ಆವಿಯಾಗೋದು ಎಲೆಯಿಂದ, ಹಾಗಾಗಿ ದೊಡ್ಡ ಪಾಲು ಎಲೆಗೇ ಹೋಗುತ್ತೆ. ಕುಂಡ ಪೂರ್ತಿ ಒಣಗಿಸಿ, ಆಮೇಲೆ ಒಮ್ಮೆಲೇ ನೀರು ಸುರಿದರೆ ಹೀಚಿಗೆ ಸಿಗಬೇಕಾದ ಚೂರೂ ತಪ್ಪುತ್ತೆ. ಅಮೋನಿಯಂ ಗೊಬ್ಬರ, ಪೊಟ್ಯಾಷ್ ಅತಿಯಾದರೂ ಬೇರು ಕ್ಯಾಲ್ಸಿಯಂ ಎಳೆದುಕೊಳ್ಳೋಕೆ ಅಡ್ಡಿ. ಮೊಟ್ಟೆ ಸಿಪ್ಪೆ ಕರಗೋಕೆ ತಿಂಗಳುಗಟ್ಟಲೆ ಬೇಕು, ಈಗ ಕೈಹಿಡಿಯಲ್ಲ. ಎಲೆಗೆ ಸಿಂಪಡಿಸಿದ ಕ್ಯಾಲ್ಸಿಯಂ ಎಲೆಯಲ್ಲೇ ಉಳಿಯುತ್ತೆ, ಕಾಯಿಗೆ ಇಳಿಯಲ್ಲ.

ಸರಿಪಡಿಸಬೇಕಾದ್ದು ನೀರು. ಬೆರಳನ್ನು ಮಣ್ಣೊಳಗೆ ಒಂದೂವರೆ ಇಂಚು ಇಳಿಸಿ. ಒಣಗಿದ್ದರೆ ತಳದ ತೂತಿಂದ ನೀರು ಬರೋವರೆಗೂ ಹಾಕಿ. ಮೇಲೆ ಎರಡು ಇಂಚು ಒಣ ಎಲೆ ಹೊದಿಸಿ. ಗಿಡಕ್ಕೆ 15 ರಿಂದ 20 ಲೀಟರ್ ಕುಂಡ ಇರಲಿ. ಚಿಕ್ಕ ಕುಂಡ ಬಿಸಿಲಿಗೆ ಬೇಗ ಒಣಗುತ್ತೆ. ಕೆಟ್ಟ ಕಾಯಿ ಮತ್ತೆ ಸರಿಹೋಗಲ್ಲ, ಕಿತ್ತುಬಿಡಿ. ಗುಣ ಆಗಿದೆಯಾ ಅನ್ನೋದನ್ನ ಮುಂದೆ ಕಟ್ಟೋ ಕಾಯಿ ನೋಡಿ ಹೇಳಬೇಕು.

ಅದೇ ಥರದ ಒಣ ಮಚ್ಚೆ ಬೆಳ್ಳಗಿದ್ದು, ಬಿಸಿಲಿಗೆ ಮುಖ ಮಾಡಿದ ಕಡೆ ಮಾತ್ರ ಇದ್ದರೆ ಅದು ಬಿಸಿಲಿನ ಸುಟ್ಟ ಗಾಯ. ಮೇಲಿನ ಎಲೆ ಉದುರಿದೆಯಾ, ಯಾರಾದರೂ ಕೊಂಬೆ ಸವರಿದ್ದಾರಾ ನೋಡಿ. ಮಧ್ಯಾಹ್ನಕ್ಕೆ ನೆರಳು ಕೊಟ್ಟರೆ ಸಾಕು.

ನಿಜಕ್ಕೂ ಹೆದರಬೇಕಾದ್ದು ಇದಕ್ಕೆ, ಚಿಬ್ಬು ರೋಗ. ದುಂಡನೆಯ ತಗ್ಗು, ಅದರೊಳಗೆ ಉಂಗುರದೊಳಗೊಂದು ಉಂಗುರ. ತೇವ ಇದ್ದಾಗ ನಡುವೆ ಕಿತ್ತಳೆ-ಗುಲಾಬಿ ಬಣ್ಣದ ಅಂಟು ಕಾಣುತ್ತೆ, ಅದೇ ಶಿಲೀಂಧ್ರದ ಬೀಜಕಣ. ಹನಿ ಚಿಮ್ಮಿದ ಕಡೆಗೆಲ್ಲ ಹರಡುತ್ತೆ, ಹಣ್ಣಾಗ್ತಿರೋ ಕಾಯಲ್ಲಿ ಜೋರು. ಇಂಥ ಕಾಯಿ ಕಿತ್ತು ಗಿಡದಿಂದ ದೂರ ಹಾಕಿ, ಕಾಂಪೋಸ್ಟ್‌ಗೆ ಬೇಡ. ನೀರು ಬುಡಕ್ಕೆ ಮಾತ್ರ. ಆ ಗಿಡದಿಂದ ಬೀಜ ಎತ್ತಿಡಲೇಬೇಡಿ, ರೋಗ ಬೀಜದ ಜೊತೆ ಬರುತ್ತೆ.

ತೂತು ಕಂಡರೆ ಕಾಯಿ ಸೀಳಿ ನೋಡಿ. ಒಳಗೆ ಹಿಕ್ಕೆ ಇದ್ದರೆ ಕಾಯಿಕೊರಕ. ಹುಳುವನ್ನು ಕೈಯಿಂದಲೇ ತೆಗೆಯಿರಿ. ತೊಟ್ಟಿನ ಬಳಿ ಸಿಪ್ಪೆ ಕಂಚಿನ ಬಣ್ಣಕ್ಕೆ ತಿರುಗಿ ಒರಟಾಗಿದ್ದರೆ ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಕೀಟದ ಅನುಮಾನ. ಬಿಳಿ ಹಾಳೆ ಮೇಲೆ ಹೂ ಕೊಡವಿ. ಒಂದೆರಡು ಮಿಲಿಮೀಟರ್‌ನ ಸಣಕಲು ಕೀಟ ಓಡಾಡಿದರೆ ಖಾತ್ರಿ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯೋಕೆ ಸ್ವಲ್ಪ ಸೋಪಿನ ದ್ರಾವಣ. ಬಿಸಿಲು ಇಳಿದ ಮೇಲೆ ಎಲೆಯ ಅಡಿಗೂ ತಾಗೋ ಹಾಗೆ ಸಿಂಪಡಿಸಿ, ವಾರ ಬಿಟ್ಟು ಇನ್ನೊಮ್ಮೆ.

ಇನ್ನು ಹಲಪೇನ್ಯೋ ಅನ್ನೋ ದಪ್ಪ ಜಾತಿಯ ಮೆಣಸಿನಕಾಯಿ ಮೈಮೇಲಿನ ಉದ್ದುದ್ದ ಕಂದು ಗೀರು ರೋಗವೇ ಅಲ್ಲ. ಕಾಯಿ ಬೇಗ ಉಬ್ಬಿ ಸಿಪ್ಪೆ ಬಿರಿದು, ಮಾಯ್ದ ಗುರುತು. ಹಸಿರು ಕಾಯಿ ಮೇಲಿನ ನೇರಳೆ-ಕಪ್ಪು ಛಾಯೆಯನ್ನ ಬೆರಳಲ್ಲಿ ಒತ್ತಿ ನೋಡಿ. ನುಣುಪಾಗಿ, ಗಟ್ಟಿಯಾಗಿದ್ದರೆ ಅದು ಬರೀ ಬಣ್ಣ, ಕಾಯಿ ಕೆಂಪಾಗ್ತಾ ಮಾಸುತ್ತೆ. ಮೆತ್ತಗಿದ್ದರೆ ಮಾತ್ರ ಕಿತ್ತು, ಸೀಳಿ ನೋಡಿ.