ಅಕ್ಕನ ಮನೆಯ ನಾಲ್ಕು ಮಕ್ಕಳು

ನಮಸ್ಕಾರ. ಈ ವ್ಲಾಗ್‌ನಲ್ಲಿ ಮಕ್ಕಳ ಮುಖ ಕಾಣುವುದಿಲ್ಲ. ಕೈ ಕಾಣುತ್ತದೆ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಕಾಣುತ್ತದೆ, ಅಷ್ಟೇ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಇದೆ. ದತ್ತು ಬಂದ, ಫಾಸ್ಟರ್ ಕೇರ್‌ನಲ್ಲಿರುವ ಇಂಥ ಮಕ್ಕಳ ಗುರುತು ಹೊರಗೆ ಹಾಕಿದರೆ ಆರು ತಿಂಗಳವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನು ಇಲ್ಲದಿದ್ದರೂ ನಾನು ತೋರಿಸುತ್ತಿರಲಿಲ್ಲ. ಅವರ ಕಥೆ ಅವರದು. ದೊಡ್ಡವರಾದ ಮೇಲೆ ಬೇಕು ಅನಿಸಿದರೆ ಅವರೇ ಹೇಳಲಿ.

ಇದು ನನ್ನ ಅಕ್ಕನ ಮನೆ. ಅಕ್ಕ, ಭಾವ, ಭಾವನ ಅಮ್ಮ, ನಾಲ್ಕು ಮಕ್ಕಳು. ದೊಡ್ಡ ಮಗಳು ಅಕ್ಕ ಹೆತ್ತವಳು. ಮಗನನ್ನು ದತ್ತು ತೆಗೆದುಕೊಂಡಾಗ ಅವನಿಗೆ ಏಳು ವರ್ಷ. ಬಂದ ದಿನ ಅವನು ಕೇಳಿದ್ದು, "ಇಲ್ಲಿ ಊಟದ ಬೆಲ್ ಯಾವಾಗ ಹೊಡೀತಾರೆ?" ಆಮೇಲೆ ಬಂದವರು ಒಬ್ಬ ಹುಡುಗಿ, ಅವಳ ತಮ್ಮ. ಅವರಿಬ್ಬರೂ ಪೋಷಕತ್ವದಲ್ಲಿದ್ದಾರೆ. ಫಾಸ್ಟರ್ ಕೇರ್ ಅಂತಾರಲ್ಲ, ಅದು.

ದತ್ತು, ಪೋಷಕತ್ವ ಎರಡೂ ಒಂದೇ ಅಂದುಕೊಳ್ಳುವವರು ಜಾಸ್ತಿ. ದತ್ತು ಅಂದರೆ ಮಗು ಕಾನೂನಿನಲ್ಲೂ ಪೂರ್ತಿ ನಿಮ್ಮದು, ಆಸ್ತಿ ಹಕ್ಕು ಸಮೇತ. 2022ರ ಸೆಪ್ಟೆಂಬರ್‌ನಿಂದ ಅದರ ಆದೇಶವನ್ನು ಕೋರ್ಟ್ ಬದಲು ಜಿಲ್ಲಾಧಿಕಾರಿ ಕೊಡುತ್ತಾರೆ. ಪೋಷಕತ್ವ ಹಾಗಲ್ಲ. ಮಕ್ಕಳ ಕಲ್ಯಾಣ ಸಮಿತಿ ಇಷ್ಟು ಕಾಲಕ್ಕೆ ಅಂತ ಮಗುವನ್ನು ಒಪ್ಪಿಸುತ್ತದೆ. ಹೆತ್ತವರ ಪರಿಸ್ಥಿತಿ ಸುಧಾರಿಸಿದರೆ ಮಗು ಅವರ ಹತ್ತಿರ ಹೋಗಬೇಕು.

ಈ ಇಬ್ಬರಿಗೆ ತಾಯಿ ಇದ್ದಾರೆ. ಚಿಕಿತ್ಸೆಯಲ್ಲಿದ್ದಾರೆ, ಆಗಾಗ ನೋಡಲು ಬರುತ್ತಾರೆ. ಅವರು ಬರುವ ದಿನ ಅಕ್ಕ ಹುಡುಗಿಗೆ ಜಡೆ ಹಾಕುವುದಿಲ್ಲ. ಎಣ್ಣೆ, ಬಾಚಣಿಗೆ, ರಿಬ್ಬನ್ ಹಾಲ್‌ನಲ್ಲಿಟ್ಟು ಅಡುಗೆಮನೆಗೆ ಹೋಗಿಬಿಡುತ್ತಾಳೆ. ಜಡೆ ಹಾಕುವುದು ಆ ತಾಯಿಯ ಕೆಲಸ. ಈ ಮನೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸವನ್ನು ನಾನು ನೋಡಿಲ್ಲ.

"ನಾಳೆ ಹೋಗೋ ಮಕ್ಕಳಿಗೆ ಯಾಕಮ್ಮಾ ಇಷ್ಟೆಲ್ಲಾ?" ಅಂತ ನೆಂಟರು ಕೇಳುತ್ತಾರೆ. ಅಕ್ಕನದು ಒಂದೇ ಉತ್ತರ: "ಇರೋಷ್ಟು ದಿನ ಅಕ್ಕ ತಮ್ಮ ಒಟ್ಟಿಗೆ ಇರ್ತಾರಲ್ಲ." ಇಂಥ ಮಕ್ಕಳನ್ನು ಇರಿಸುವ ಬಾಲಮಂದಿರ ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ಅಲ್ಲಿಗೆ ಹೋಗಿದ್ದರೆ ಇವರಿಬ್ಬರೂ ಬೇರೆ ಬೇರೆ ಕಟ್ಟಡದಲ್ಲಿ ಮಲಗಬೇಕಿತ್ತು. ಈಗ ಹೋಂವರ್ಕ್‌ಗೆ ಒಂದೇ ಪೆನ್ಸಿಲ್ ಬೇಕು ಅಂತ ಜಗಳ ಆಡುತ್ತಿದ್ದಾರೆ, ನೀವೇ ಕೇಳಿ.

ದೊಡ್ಡ ಸಂಸಾರ ಬೇಕು ಅನ್ನುವವರಿಗೆ ಒಂದು ವಿಷಯ. 2022ರ ದತ್ತು ನಿಯಮದ ಪ್ರಕಾರ, ಈಗಾಗಲೇ ಎರಡು ಅಥವಾ ಹೆಚ್ಚು ಮಕ್ಕಳಿರುವ ದಂಪತಿಗೆ, ನೆಂಟರ ಮಕ್ಕಳು ಮತ್ತು ಮಲಮಕ್ಕಳನ್ನು ಬಿಟ್ಟರೆ, ವಿಶೇಷ ಅಗತ್ಯವಿರುವ ಮಕ್ಕಳು ಅಥವಾ ಮನೆ ಸಿಗುವುದು ಕಷ್ಟವಾದ ಮಕ್ಕಳನ್ನು ಮಾತ್ರ ದತ್ತು ಕೊಡುತ್ತಾರೆ. ಎಲ್ಲರೂ ಹಸುಗೂಸನ್ನೇ ಕೇಳುವಾಗ ಈ ಮಕ್ಕಳು ಕಾಯುತ್ತಲೇ ಇರುತ್ತಾರೆ. ದಯವಿಟ್ಟು ಅವರ ಬಗ್ಗೆ ಯೋಚಿಸಿ.

ದತ್ತು ಬೇಕಿದ್ದರೆ ಕಾರಾ (CARA), ಅಂದರೆ ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರದ ಪೋರ್ಟಲ್‌ನಲ್ಲಿ ನೋಂದಣಿ ಮಾಡಿ. ಪೋಷಕತ್ವಕ್ಕೆ ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ. ದುಡ್ಡು ಕೊಟ್ಟರೆ ಮಗು ಕೊಡಿಸ್ತೀವಿ ಅಂತ ಯಾರಾದರೂ ಬಂದರೆ ನಂಬಬೇಡಿ, ಅದು ಅಪರಾಧ. ಯಾರೂ ಇಲ್ಲದ ಮಗು ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.